ಸ್ವೆಟರ್ ತೊಟ್ಟ ಹಿಟ್ಟು

ಇಟ್ಟಮಡುವಿನ ನೀಲಗಂಗಮ್ಮ ದೋಸೆ ಹಿಟ್ಟು ಮಾರಲು ಶುರುಮಾಡಿದ್ದು ಬೇಸಿಗೆಯಲ್ಲಿ. ಮಗಳು ಮೇಘಶ್ರೀ ಮದುವೆಯಾಗಿ ದಾವಣಗೆರೆಗೆ ಹೋದ ಮೇಲೆ ಮನೆಯಲ್ಲಿ ಉಳಿದವರು ಗಂಡ ಹೆಂಡತಿ ಇಬ್ಬರೇ. ಇಬ್ಬರಿಗೆಂದು ರುಬ್ಬುವ ಅಳತೆ ಅವರ ಕೈಗೆ ಒಗ್ಗಲೇ ಇಲ್ಲ. ಮಿಕ್ಕ ಹಿಟ್ಟನ್ನು ಅಕ್ಕಪಕ್ಕದವರಿಗೆ ಕೊಟ್ಟರು. ತಿಂದವರು ಮತ್ತೆ ಡಬ್ಬಿ ಹಿಡಿದುಕೊಂಡು ಬಂದರು. ಹೀಗೆ, ಯಾರೂ ಕೂತು ಯೋಚಿಸದೆಯೇ, ಒಂದು ವ್ಯಾಪಾರ ಹುಟ್ಟಿಕೊಂಡಿತು. ಬೇಸಿಗೆಯಲ್ಲಿ ಹಿಟ್ಟು ಹೇಳದಿದ್ದರೂ ಉಬ್ಬುತ್ತಿತ್ತು. ಚಳಿಗಾಲ ಹೇಗಿರುತ್ತದೆ ಎಂದು ಅವರಿಗೆ ಗೊತ್ತಾಗಿದ್ದು ಡಿಸೆಂಬರಿನ ಮೊದಲ ವಾರದಲ್ಲಿ.

ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿತ ಅಂತ ಟಿವಿಯಲ್ಲಿ ಹೇಳುತ್ತಿದ್ದರು. ಭಾನುವಾರದಿಂದಲೇ ಮೋಡ, ಜಿಟಿಜಿಟಿ ಹನಿ, ಕೊರೆಯುವ ಗಾಳಿ. ಸೋಮವಾರ ಬೆಳಿಗ್ಗೆ ಮುಚ್ಚಳ ತೆಗೆದರೆ ಹಿಟ್ಟು ರಾತ್ರಿ ಹೇಗೆ ಮಲಗಿತ್ತೋ ಹಾಗೇ ಇತ್ತು. ನೋಡೋಣ ಎಂದುಕೊಂಡು ಅದನ್ನೇ ಕೊಟ್ಟರು. ಒಂಬತ್ತರ ಹೊತ್ತಿಗೆ ಎದುರು ಮನೆಯ ಸುಮನ್ ಗೇಟಿನ ಹತ್ತಿರ ಬಂದು ನಿಂತ.

"ಆಂಟಿ, ಬೇಜಾರು ಮಾಡ್ಕೋಬೇಡಿ. ಇಡ್ಲಿ ಉಬ್ಬಲೇ ಇಲ್ಲ. ನಮ್ಮ ನಾಯಿಗೆ ಹಾಕ್ದೆ, ಮೂಸಿ ನೋಡಿ ಹೋಯ್ತು."

"ಚಟ್ನಿ ಹಾಕಿದ್ಯೇನಪ್ಪ?" ಎಂದು ನೀಲಗಂಗಮ್ಮ ಕೇಳಿದರು. ಆಮೇಲೆ ಇಬ್ಬರೂ ನಕ್ಕರು. ನಗು ಅವರಿಗೆ ಸುಲಭವಾಗಿ ಬರುತ್ತಿತ್ತು. ಕುಕ್ಕರ್ ಸಿಡಿದರೂ ಮೊದಲು ನಕ್ಕು ಆಮೇಲೆ ಗೋಡೆ ಒರೆಸುವ ಹೆಂಗಸು. ನಗದವರು ಅವರ ಗಂಡ ವಿಜಯಕುಮಾರ್. ಜಯನಗರ ನಾಲ್ಕನೇ ಬ್ಲಾಕಿನ ಪಾತ್ರೆ ಅಂಗಡಿಯೊಂದರಲ್ಲಿ ಅವರಿಗೆ ಕೆಲಸ. ಇಡೀ ದಿನ ಗಿರಾಕಿಗಳಿಗೆ ನಗುಮುಖ ತೋರಿಸಿ, ಮನೆಗೆ ಬರುವಾಗ ಅದನ್ನು ಅಂಗಡಿಯಲ್ಲೇ ಬಿಟ್ಟು ಬರುತ್ತಿದ್ದರು.

"ಹೆಸರು ಕೆಟ್ರೆ ಮುಗೀತು ನೀಲಾ. ನಗೋ ವಿಷಯ ಅಲ್ಲ ಇದು," ಎಂದರು.

ಅವರ ಮಾತಿನಲ್ಲಿ ಅರ್ಥವಿತ್ತು. ಯಾವಾಗಲೂ ಅವರಲ್ಲೇ ಹಿಟ್ಟು ಕೊಳ್ಳುತ್ತಿದ್ದ, ಬ್ಯಾಂಕಿನಲ್ಲಿ ಕೆಲಸ ಮಾಡುವ ಅಂಜನಾ ವಸಂತಪುರದಲ್ಲಿ ಹೊಸ ಮನೆ ಕಟ್ಟಿದ್ದಳು. ಬರುವ ಭಾನುವಾರ ಗೃಹಪ್ರವೇಶ, ಬೆಳಗಿನ ದೋಸೆಗೆ ಹಿಟ್ಟು ನೀಲಗಂಗಮ್ಮನದೇ ಆಗಬೇಕೆಂದು ತಿಂಗಳ ಹಿಂದೆಯೇ ಹೇಳಿಟ್ಟಿದ್ದಳು. ಇಡ್ಲಿಯ ಸುದ್ದಿ ಅವಳ ಕಿವಿಗೂ ಬಿತ್ತು. ಸಂಜೆ ಫೋನ್ ಮಾಡಿದಳು.

"ಆಂಟಿ, ಕಷ್ಟ ಆದ್ರೆ ಹೇಳ್ಬಿಡಿ. ಅಡುಗೆ ತಿಪ್ಪಣ್ಣ ಅವ್ರು ಪ್ಯಾಕೆಟ್ ಹಿಟ್ಟೇ ತರಿಸ್ತಾರಂತೆ."

"ಕೊಡ್ತೀನಿ ಕಣಮ್ಮ," ಎಂದು ನೀಲಗಂಗಮ್ಮ ಹೇಳಿ ಫೋನ್ ಇಟ್ಟರು. ಹೇಗೆ ಕೊಡುವುದು ಎನ್ನುವುದು ಮಾತ್ರ ಗೊತ್ತಿರಲಿಲ್ಲ.

ಮಂಗಳವಾರ ಬೆಳಗಿನ ಜಾವಕ್ಕೆ ಎದ್ದರೆ ಬಿಸಿಲಿಲ್ಲದೆ ಸೋಲಾರ್ ನೀರು ತಣ್ಣಗಿತ್ತು, ಕರೆಂಟೂ ಹೋಗಿತ್ತು. ಗಂಡನ ಸ್ನಾನಕ್ಕೆ ಒಲೆಯ ಮೇಲೆ ನೀರು ಕಾಯಿಸಿ, ಡಬರಿಯನ್ನು ಅಡುಗೆಮನೆಯ ನೆಲಕ್ಕೆ ಇಳಿಸಿಟ್ಟರು. ಅದರ ಶಾಖ ತಾಗಲಿ ಎಂದು ಹಿಟ್ಟಿನ ಡಬರಿಯನ್ನೂ ಪಕ್ಕಕ್ಕೆ ಸರಿಸಿದರು. ಎರಡೂ ವಿಜಯಕುಮಾರರೇ ಅಂಗಡಿಯಿಂದ ತಂದ ಜೋಡಿ ಡಬರಿಗಳು, ಒಂದೇ ಅಳತೆ, ಒಂದೇ ಮುಚ್ಚಳ. ನೀಲಗಂಗಮ್ಮ ಪೂಜೆಗೆ ಕೂತರು. ವಿಜಯಕುಮಾರ್ ಕನ್ನಡಕ ತೆಗೆದಿಟ್ಟು, ಕತ್ತಲಲ್ಲಿ ಒಂದು ಡಬರಿಯನ್ನು ಎತ್ತಿಕೊಂಡು ಬಚ್ಚಲಿಗೆ ಹೋದರು.

ಸ್ವಲ್ಪ ಹೊತ್ತಿಗೆ ಒಳಗಿನಿಂದ ಅವರ ದನಿ ಕೇಳಿಸಿತು. "ನೀಲಾ, ನೀರು ಯಾಕೆ ತಲೆಯಿಂದ ಇಳೀತಾ ಇಲ್ಲ?"

ಮೊಬೈಲಿನ ಬೆಳಕು ಹಿಡಿದು ನೋಡಿದರೆ, ನೆತ್ತಿಯಿಂದ ಭುಜದವರೆಗೆ ಬಿಳಿಯ ಹಿಟ್ಟು ಮೆಲ್ಲಗೆ ಇಳಿಯುತ್ತಿತ್ತು. ವಿಜಯಕುಮಾರ್ ಕೈಯಲ್ಲಿ ಮಗ್ ಹಿಡಿದು ಕಣ್ಣು ಮುಚ್ಚಿ ಕೂತಿದ್ದರು. ನೀಲಗಂಗಮ್ಮ ಬಾಗಿಲ ಹೊಸ್ತಿಲ ಮೇಲೇ ಕುಸಿದು ಕೂತು, ಹೊಟ್ಟೆ ಹಿಡಿದುಕೊಂಡು ನಕ್ಕರು. ಅಂದು ಗೇಟಿಗೆ 'ಹಿಟ್ಟು ಇಲ್ಲ' ಎಂಬ ರಟ್ಟು ತೂಗುಬಿತ್ತು. ವಿಜಯಕುಮಾರ್ ಬಿಸಿನೀರಿನಲ್ಲಿ ಮತ್ತೆ ತಲೆ ತೊಳೆದುಕೊಂಡು ಅಂಗಡಿಗೆ ಹೋದರು. ಅಂಗಡಿಯಲ್ಲಿ ಯಾರೋ "ಏನ್ ಸಾರ್, ಕೂದಲು ಇಷ್ಟು ಮೆತ್ತಗಾಗಿದೆ" ಎಂದಿದ್ದನ್ನು ಅವರು ಮನೆಯಲ್ಲಿ ಹೇಳಿದ್ದು ಎಷ್ಟೋ ದಿನದ ಮೇಲೆ.

ಬುಧವಾರ ತುಸು ಬಿಸಿಲು ಕಂಡಿತೆಂದು ಡಬರಿಯನ್ನು ತಾರಸಿಗೆ ಒಯ್ದರು. ಬಟ್ಟೆ ಒಗೆದು ಬಂದು ನೋಡಿದಾಗ ಬಿಸಿಲು ಹೋಗಿತ್ತು, ಮುಚ್ಚಳದ ಮೇಲೆ ಬೀದಿಬೆಕ್ಕೊಂದು ಸುತ್ತಿಕೊಂಡು ಗಾಢ ನಿದ್ದೆಯಲ್ಲಿತ್ತು. ಅದನ್ನು ಎಬ್ಬಿಸಲು ಮನಸ್ಸಾಗದೆ ನೀಲಗಂಗಮ್ಮ ಮೋಟುಗೋಡೆಯ ಮೇಲೆ ಕೂತರು. ಬೆಕ್ಕು ಹೋದ ಮೇಲೆ ಮುಚ್ಚಳ ಮುಟ್ಟಿ ನೋಡಿದರು, ಬೆಚ್ಚಗಿತ್ತು. ಚಳಿಯಲ್ಲಿ ನಮಗೆ ಬೇಕಾದ್ದೇ ಈ ಹಿಟ್ಟಿಗೂ ಬೇಕು ಎಂದು ಹೊಳೆದಿದ್ದು ಆಗಲೇ.

ಮರುದಿನ ಬೆಳಿಗ್ಗೆ ಗಂಡ ಅಂಗಡಿಗೆ ಹೋದ ಮೇಲೆ ನಡುಮನೆಯ ಬೆತ್ತದ ಕುರ್ಚಿಯ ಮೇಲೆ ಡಬರಿಯನ್ನು ಕೂರಿಸಿದರು. ಗಂಡನ ಬೂದು ಬಣ್ಣದ ಉಣ್ಣೆಯ ಸ್ವೆಟರನ್ನು ಅದಕ್ಕೆ ತೊಡಿಸಿ, ಖಾಲಿ ತೋಳುಗಳನ್ನು ಮುಂದೆ ಕಟ್ಟಿದರು. ಮುಚ್ಚಳಕ್ಕೆ ಮಂಕಿ ಟೋಪಿ ಹಾಕಿದರು. ಸುತ್ತ ಶಾಲು ಹೊದಿಸಿ, ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿದರು. ಮಧ್ಯಾಹ್ನ ಒಣಗಿದ ಬಟ್ಟೆ ತರಲು ತಾರಸಿಗೆ ಹೋದರು. ಬಾಗಿಲು ತೆರೆದೇ ಇತ್ತು.

ಆ ಹೊತ್ತಿಗೆ ಚನ್ನಬಸವಯ್ಯನವರು ಬಂದರು. ಎಂಬತ್ತರ ಹತ್ತಿರದ ಹಿರಿಯರು, ಮುಂದಿನ ಬೀದಿಯಲ್ಲಿ ಮನೆ, ಕಣ್ಣಿಗೆ ಪೊರೆ ಬಂದಿತ್ತು. ಕಿಟಕಿಯ ಬಳಿ ಟೋಪಿ ಹಾಕಿಕೊಂಡು ಕೂತವರನ್ನು ನೋಡಿ ವಿಜಯಕುಮಾರ್ ರಜೆಯಲ್ಲಿದ್ದಾರೆ ಎಂದುಕೊಂಡು ಸೋಫಾದ ಮೇಲೆ ಕೂತರು. ಚಳಿಯ ಬಗ್ಗೆ ಹೇಳಿದರು. ಮಂಡಿನೋವಿನ ಬಗ್ಗೆ ಹೇಳಿದರು. ಮಗ ಫೋನ್ ಎತ್ತುವುದಿಲ್ಲ, ಸೊಸೆ ಉಪ್ಪು ಕಡಿಮೆ ಹಾಕುತ್ತಾಳೆ, ಇದನ್ನೆಲ್ಲ ಹೇಳಿಕೊಂಡರು. ಎದುರಿನವರು ಒಮ್ಮೆಯೂ ನಡುವೆ ಬಾಯಿ ಹಾಕಲಿಲ್ಲ. ಇಷ್ಟು ಸಮಾಧಾನವಾಗಿ ಅವರ ಮಾತು ಕೇಳಿದವರು ಯಾರೂ ಇರಲಿಲ್ಲ.

ನೀಲಗಂಗಮ್ಮ ಬಟ್ಟೆಯ ರಾಶಿ ಹೊತ್ತು ಮೆಟ್ಟಿಲಿಳಿದು ಬಂದಾಗ ಕುರ್ಚಿಯಲ್ಲಿದ್ದ ಟೋಪಿ ಮೆಲ್ಲನೆ ಮೇಲೇಳುತ್ತಿತ್ತು.

"ಏಳ್ಬೇಡಿ ವಿಜಯಕುಮಾರ್, ಏಳ್ಬೇಡಿ. ಕೂತ್ಕೊಳ್ಳಿ," ಎನ್ನುತ್ತ ಚನ್ನಬಸವಯ್ಯನವರು ಎದ್ದುಹೋಗಿ ಅವರ ಹೆಗಲ ಮೇಲೆ ಕೈಯಿಟ್ಟರು. ಕೈಗೆ ಹಿಟ್ಟು ಮೆತ್ತಿತು.

ನೀಲಗಂಗಮ್ಮ ಬಟ್ಟೆಯನ್ನು ಅಲ್ಲೇ ಕೆಳಗೆ ಹಾಕಿ ಓಡಿಬಂದರು. ಟೋಪಿ ತೆಗೆದರು. ಮುಚ್ಚಳವನ್ನು ಎತ್ತಿಹಿಡಿದು ಹಿಟ್ಟು ಡಬರಿಯ ಅಂಚು ದಾಟಿತ್ತು, ಮೈತುಂಬ ಗುಳ್ಳೆ, ಹದವಾದ ಹುಳಿ ವಾಸನೆ. ಬೇಸಿಗೆಯಲ್ಲೂ ಹೀಗೆ ಉಬ್ಬಿದ್ದನ್ನು ಅವರು ಕಂಡಿರಲಿಲ್ಲ.

ಚನ್ನಬಸವಯ್ಯನವರು ಬೆರಳುಗಳನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. "ಅಲ್ಲಮ್ಮ, ಇಷ್ಟು ಹೊತ್ತು ನಾನು ಹಿಟ್ಟಿನ ಹತ್ರ ಮಾತಾಡ್ತಿದ್ನಾ?"

"ಹೌದು ಅಯ್ನೋರೇ. ನಿಮ್ಮಂಥ ದೊಡ್ಡವರು ಬಂದು ಮಾತಾಡ್ಸಿದ್ರಲ್ಲ, ಅದಕ್ಕೇ ಉಬ್ಬಿಹೋಗಿದೆ."

ಮುದುಕರು ಸೋಫಾದ ಮೇಲೆ ಕುಕ್ಕರಿಸಿ, ಕೆಮ್ಮು ಬರುವವರೆಗೂ ನಕ್ಕರು. ದೋಸೆ ತಿಂದೇ ಹೋದರು.

ಸಂಜೆ ವಿಜಯಕುಮಾರ್ ಬಂದು ಶೂ ಬಿಚ್ಚುತ್ತಿದ್ದಂತೆ ನೀಲಗಂಗಮ್ಮ ನಡೆದದ್ದನ್ನು ಹೇಳಿದರು. ಅವರು ಗಂಭೀರವಾಗಿಯೇ ಕೇಳಿಸಿಕೊಂಡರು. 'ಏಳ್ಬೇಡಿ ವಿಜಯಕುಮಾರ್' ಎಂಬಲ್ಲಿಗೆ ಬಂದಾಗ ಒಂದು ಶೂ ಕೈಯಲ್ಲಿ ಹಿಡಿದುಕೊಂಡೇ ಗೋಡೆಗೊರಗಿ ನಗತೊಡಗಿದರು. ಮದುವೆಯಾದ ಹೊಸದರಲ್ಲಿ ಆ ನಗು ಕೇಳಿದ್ದ ನೆನಪು ನೀಲಗಂಗಮ್ಮನಿಗೆ.

ಶನಿವಾರ ಮನೆಯ ಉಣ್ಣೆಯೆಲ್ಲ ಹೊರಬಂತು. ಗೃಹಪ್ರವೇಶದ ಡಬರಿಗಳು ಸಾಲಾಗಿ ಕೂತವು, ಮಗಳ ಕಾಲೇಜಿನ ಸ್ವೆಟರ್, ಮಫ್ಲರ್, ಕಂಬಳಿ, ಕೈಗೆ ಸಿಕ್ಕಿದ್ದನ್ನೆಲ್ಲ ಹೊದಿಸಿದ್ದಾಯಿತು. ಒಂದಕ್ಕೆ ಏನೂ ಉಳಿಯಲಿಲ್ಲ. ವಿಜಯಕುಮಾರ್ ತಾವು ತೊಟ್ಟಿದ್ದ ಸ್ವೆಟರನ್ನೇ ಬಿಚ್ಚಿ ಕೊಟ್ಟರು. ಹೆಂಡತಿ ಒಳಗೆ ಹೋದರೆಂದುಕೊಂಡು, ಬಗ್ಗಿ ಆ ಡಬರಿಗೆ "ಮರ್ಯಾದೆ ಉಳಿಸಪ್ಪ" ಎಂದರು. ನೀಲಗಂಗಮ್ಮ ಬಾಗಿಲ ಮರೆಯಿಂದ ನೋಡುತ್ತಿದ್ದರು.

ಭಾನುವಾರ ಬೆಳಿಗ್ಗೆ ಗಂಡ ಹೆಂಡತಿ ಸೇರಿ ಡಬರಿಗಳನ್ನು ಹೊದಿಕೆಯ ಸಮೇತ ಆಟೋಗೆ ಹತ್ತಿಸಿ ತಾವೂ ಕೂತರು. "ಯಾರಿಗಕ್ಕ ಇಷ್ಟೊಂದು ಸ್ವೆಟರು?" ಎಂದು ಡ್ರೈವರ್ ಕೇಳಿದ.

"ಹಿಟ್ಟಿಗಪ್ಪ."

"ಚಳಿ ನಮ್ಗೂ ಇದೆ ಅಕ್ಕ," ಎಂದವನು ವಸಂತಪುರದವರೆಗೂ ರಸ್ತೆಯ ಪ್ರತಿ ಹಂಪಿನಲ್ಲೂ ಬಾಣಂತಿಯನ್ನು ಕೂರಿಸಿಕೊಂಡವನ ಹಾಗೆ ಮೆಲ್ಲಗೆ ಓಡಿಸಿದ.

ಹೊಸ ಮನೆಯ ಹಿಂಭಾಗದ ಶಾಮಿಯಾನದಲ್ಲಿ ತಿಪ್ಪಣ್ಣ ಕಾವಲಿ ಕಾಯಿಸುತ್ತಿದ್ದರು. ಗದಗಿನ ಕಡೆಯವರು, ಬಿಟಿಎಂ ಬಡಾವಣೆಯಲ್ಲಿದ್ದುಕೊಂಡು ಮದುವೆ ಮುಂಜಿಗೆ ಅಡುಗೆ ಮಾಡುವವರು. ಸ್ವೆಟರ್ ತೊಟ್ಟ ಡಬರಿಗಳನ್ನು ನೋಡಿ ಹುಬ್ಬೇರಿಸಿದರು.

"ಅಕ್ಕಾರ, ಈ ಥಂಡ್ಯಾಗ ಮನಿ ಹಿಟ್ಟು ನಂಬಾಕ ಬರಂಗಿಲ್ರಿ. ನಾ ಪ್ಯಾಕೆಟ್ ತರಿಸಿ ಇಟ್ಟೀನಿ."

"ಇರ್ಲಿ ಬಿಡಿ. ಮೊದ್ಲು ಇದನ್ನ ಹುಯ್ದು ನೋಡಿ," ಎಂದು ನೀಲಗಂಗಮ್ಮ ಮುಚ್ಚಳ ತೆಗೆದರು.

ತಿಪ್ಪಣ್ಣ ಸೌಟಿನಿಂದ ಹಿಟ್ಟು ತೆಗೆದು ಕಾವಲಿಯ ಮೇಲೆ ಹುಯ್ದು ಹರಡಿದರು. ನೋಡನೋಡುತ್ತಿದ್ದಂತೆ ದೋಸೆಯ ತುಂಬ ಸಣ್ಣ ಕಣ್ಣುಗಳು ತೆರೆದುಕೊಂಡವು, ಅಂಚು ಕೆಂಪಾಗಿ ತಾನೇ ಮೇಲೆದ್ದಿತು. ತುದಿ ಮುರಿದು ಬಾಯಿಗೆ ಹಾಕಿಕೊಂಡು, ಪ್ಯಾಕೆಟ್ಟಿನ ಪೆಟ್ಟಿಗೆಯನ್ನು ಕಾಲಿನಿಂದ ಮೇಜಿನ ಅಡಿಗೆ ತಳ್ಳಿದರು.

ಬಂದವರು ಒಂದು ಸುತ್ತಿಗೆ ನಿಲ್ಲಲಿಲ್ಲ. ತಿಂದವರು ತಟ್ಟೆ ಹಿಡಿದು ಮತ್ತೆ ಸಾಲಿಗೆ ಬಂದರು. ಅಂಜನಾ ರೇಷ್ಮೆ ಸೀರೆಯಲ್ಲೇ ಓಡಿಬಂದು, "ಆಂಟಿ, ಊಟಕ್ಕೆ ಯಾರೂ ಹೊಟ್ಟೇಲಿ ಜಾಗ ಇಟ್ಕೊಳ್ತಿಲ್ಲ," ಎಂದು ದೂರು ಹೇಳಿದಳು. ಅದಕ್ಕಿಂತ ಒಳ್ಳೆಯ ಮಾತು ನೀಲಗಂಗಮ್ಮನಿಗೆ ಆ ವಾರದಲ್ಲಿ ಯಾರೂ ಹೇಳಿರಲಿಲ್ಲ.

ಜನ ಕರಗಿದ ಮೇಲೆ ತಿಪ್ಪಣ್ಣ ಕೊನೆಯ ಹಿಟ್ಟನ್ನು ಬಳಿದು ಒಂದು ದೊಡ್ಡ ದೋಸೆ ಹುಯ್ದರು. ಬೆಣ್ಣೆ ಹಾಕಿ, ಬಾಳೆಎಲೆಯ ಮೇಲಿಟ್ಟು ನೀಲಗಂಗಮ್ಮನ ಕೈಗೆ ಕೊಟ್ಟರು.

"ಬರೋ ವಾರ ಬೇಗೂರಾಗ ನಿಶ್ಚಿತಾರ್ಥದ ಅಡುಗಿ ಐತ್ರಿ. ಹಿಟ್ಟು ನೀವ ಕೊಡ್ಬೇಕ್ರಿ ಅಕ್ಕಾರ."

"ಕೊಡ್ತೀನಿ," ಎಂದರು ನೀಲಗಂಗಮ್ಮ. ಈ ಸಲ ಹೇಗೆಂಬುದು ಗೊತ್ತಿತ್ತು.

ಮೋಡ ಸರಿದು ಹೊಸ ಮನೆಯ ಮೆಟ್ಟಿಲ ಮೇಲೆ ಎಳೆಬಿಸಿಲು ಬಿದ್ದಿತ್ತು. ಅಲ್ಲಿ ಕೂತು, ಪಕ್ಕದಲ್ಲಿ ಆಸೆಯಿಂದ ನೋಡುತ್ತ ನಿಂತ ಗಂಡನಿಗೆ ಒಂದು ಚೂರೂ ಕೊಡದೆ, ನಿಧಾನವಾಗಿ ಇಡೀ ದೋಸೆಯನ್ನು ತಾವೇ ತಿಂದರು.