ಬೆನಿಗ್ನಾಳ ಕ್ರಿಸ್‌ಮಸ್ ಸಲಾಡ್

ಪುಯೆಬ್ಲಾ ನಗರದ ನಮ್ಮ ವಠಾರದಲ್ಲಿ ಬೆನಿಗ್ನಾಳ ಬಾಯಿಗೆ ಹೆದರದವರಿಲ್ಲ. ಬಹುಕಾಲ ಸಂತೆಯಲ್ಲಿ ಸೊಪ್ಪು ಮಾರಿದವಳು. ಯಾರ ಮನೆಯ ಮಗು ಯಾವ ಹಬ್ಬದಂದು ಹುಟ್ಟಿತೆಂದು ಕೇಳಿದರೂ ಥಟ್ಟನೆ ಹೇಳುತ್ತಿದ್ದಳು. ಅವಳ ಮಗಳು ನಯೆಲಿಯನ್ನು ದೀಕ್ಷಾಸ್ನಾನಕ್ಕೆ ಧರ್ಮತಾಯಿಯಾಗಿ ಎತ್ತಿಕೊಂಡವಳು ನಾನು. ಅಂದಿನಿಂದ ನಾವಿಬ್ಬರೂ ಕೊಮಾದ್ರೆಗಳು, ಅಂದರೆ ಒಬ್ಬರನ್ನೊಬ್ಬರು ಬೈಯಲು ಪೂರ್ತಿ ಹಕ್ಕುಳ್ಳವರು.

ಈಚೆಗೆ ಅವಳು ಒಂದೇ ಅಡುಗೆಗೆ ಎರಡು ಸಲ ಉಪ್ಪು ಹಾಕತೊಡಗಿದ್ದಳು. ಕೇಳಿದರೆ ಮೈಮೇಲೇ ಏರಿಬರುತ್ತಿದ್ದಳು. ನನಗೆ ಒಳಗೊಳಗೇ ದಿಗಿಲು. ನಯೆಲಿಗೆ ಹೇಳೋಣವೆಂದರೆ ಅವಳು ಆಗಷ್ಟೇ ಕ್ಯಾನ್ಸರಿನ ಚಿಕಿತ್ಸೆ ಮುಗಿಸಿ ಬಂದಿದ್ದಳು. ಸಣ್ಣ ಸೋಂಕು ತಗುಲಿದರೂ ಮತ್ತೆ ಆಸ್ಪತ್ರೆಯೇ ಗತಿ.

ಆದರೂ ಕ್ರಿಸ್‌ಮಸ್‌ಗೆ ಅಮ್ಮನ ಕೈಯ ಸಲಾಡ್ ಬೇಕೆಂದು ಅವಳ ಹಟ. ಡಾಕ್ಟರು ಒಂದೇ ಷರತ್ತಿನ ಮೇಲೆ ಒಪ್ಪಿದರು: ಹಸಿ ಎಲೆಯನ್ನು, ಕ್ರಿಮಿ ಕೊಲ್ಲುವ ಹನಿಮದ್ದು ಬೆರೆಸಿದ ನೀರಿನಲ್ಲಿ ನೆನೆಸಲೇಬೇಕು. ಅದೇನು ನಮಗೆ ಹೊಸದಲ್ಲ. ಸೊಪ್ಪಿನ ಹೊಲಕ್ಕೆ ಎಂಥ ನೀರು ಹಾಯುತ್ತದೋ ದೇವರೇ ಬಲ್ಲ. ಹನಿ ಹಾಕದೆ ನಮ್ಮಲ್ಲಿ ಯಾರೂ ಎಲೆ ತಿನ್ನುವುದಿಲ್ಲ.

ನಯೆಲಿ ಬೇಗ ಮಲಗಬೇಕೆಂದು ಸಂಜೆಗೇ ಊಟ ಇಟ್ಟುಕೊಂಡೆವು. ನಾನು ಹೋಗುವಷ್ಟರಲ್ಲಿ ಬೆನಿಗ್ನಾ ಲೆಟ್ಯೂಸ್ ಎಲೆ ಹರಿದು, ಕಿತ್ತಳೆ, ಸೇಬು, ಬೇಯಿಸಿದ ಬೀಟ್‌ರೂಟ್ ಹಾಕಿ, ಬೀಟ್‌ರೂಟ್ ಬೆಂದ ನೀರನ್ನೂ ಸುರಿದಿದ್ದಳು. ಮೇಲೆ ಹುರಿದ ಶೇಂಗಾ.

"ಹನಿ ಹಾಕಿದ್ಯೇನೇ?" ಎಂದು ಕೆಣಕಿದೆ.

"ಅಜ್ಜಿಗೇ ಕೆಮ್ಮೋದು ಕಲಿಸ್ತೀಯಾ? ಮುಚ್ಕೊಂಡು ಕೂತ್ಕೊಳೇ!"

ಅನ್ನುತ್ತಲೇ ಕಿಟಕಿಯ ಕಟ್ಟೆಯ ಮೇಲಿದ್ದ ಹನಿಮದ್ದಿನ ಪುಟ್ಟ ಸೀಸೆಯತ್ತ ಅವಳ ಕಣ್ಣು ಹೋಯಿತು. ಆ ಮದ್ದಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಬೋಗುಣಿಯನ್ನು ಮೂಸಿದಳು. ಕಿತ್ತಳೆ ಬಿಟ್ಟು ಇನ್ನೇನೂ ಮೂಗಿಗೆ ಹತ್ತಲಿಲ್ಲ. ಬೀಟ್‌ರೂಟ್ ನೀರು ಹೀರಿ ಎಲೆಗಳೆಲ್ಲ ಆಗಲೇ ಕೆಂಪಗಾಗಿದ್ದವು; ಮತ್ತೆ ನೆನೆಸುವಂತಿರಲಿಲ್ಲ.

ನಯೆಲಿ ತಟ್ಟೆ ತುಂಬಾ ಬಡಿಸಿಕೊಂಡಳು. "ಇದನ್ನ ನೆನೆಸ್ಕೊಂಡೇ ಆಸ್ಪತ್ರೇಲಿ ದಿನ ತಳ್ಳಿದ್ದು ಕಣಮ್ಮಾ."

ಬೆನಿಗ್ನಾಳ ಮುಖ ಬಿಳಿಚಿಕೊಂಡಿತು. ನನ್ನತ್ತ ನೋಡಿದಳು. ಹೇಳಿದರೆ ಅವಳು ಇಷ್ಟು ದಿನ ಬಚ್ಚಿಟ್ಟಿದ್ದ ಮರೆವೆಲ್ಲ ಬಯಲು, ಹೇಳದಿದ್ದರೆ ಮಗಳ ಜೀವಕ್ಕೇ ಕುತ್ತು. ಫೋರ್ಕು ತುಟಿಯ ಹತ್ತಿರ ಹೋಯಿತು. ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ಮಗಳ ಕೈಗೆ ಫಟ್ಟನೆ ಹೊಡೆದಳು. ಫೋರ್ಕು ನೆಲಕ್ಕೆ ಬಿತ್ತು.

"ತಿನ್ಬೇಡ!"

"ಏನಾಯ್ತಮ್ಮಾ?"

"ಹನಿ ಹಾಕಿದ್ನೋ ಇಲ್ವೋ, ನೆನಪಿಲ್ಲ ಕಣೇ." ಬೆನಿಗ್ನಾ ಬೋಗುಣಿಯನ್ನು ದೂರ ಸರಿಸಿದಳು. "ಇದೊಂದೇ ಅಲ್ಲ. ಈಗೀಗ ಯಾವುದೂ ನೆನಪಿರಲ್ಲ."

ವಠಾರವನ್ನೇ ನಡುಗಿಸುತ್ತಿದ್ದ ಹೆಂಗಸು ಮಕ್ಕಳ ಹಾಗೆ ಅತ್ತಳು. ನನಗೂ ತಡೆಯಲಾಗಲಿಲ್ಲ. ನಯೆಲಿ ತಾಯಿಯ ಕಣ್ಣೊರೆಸಿದಳು. ಆಮೇಲೆ ನನ್ನತ್ತ ತಿರುಗಿ, "ನಿಮ್ಮನೇಲಿ ಲೆಟ್ಯೂಸ್ ಇದ್ಯಾ?" ಎಂದಳು.

ಓಡಿಹೋಗಿ ತಂದೆ. ನಯೆಲಿ ಎಲೆಗಳನ್ನು ನೀರಿಗೆ ಬಿಟ್ಟು, ಸೀಸೆಯನ್ನು ತಾಯಿಯ ಕೈಗಿಟ್ಟಳು.

"ನೀನು ಹಾಕಮ್ಮಾ. ನಾನು ಎಣಿಸ್ತೀನಿ."

"ಇವತ್ತು ಎಣಿಸ್ತೀಯ. ನಾಳೆ?"

"ನಾಳೇನೂ ಎಣಿಸ್ತೀನಿ. ನೀನು ಹಾಕು."

ಬೆನಿಗ್ನಾ ಸೀಸೆ ಬಗ್ಗಿಸಿದಳು. ನಯೆಲಿ ಗಟ್ಟಿಯಾಗಿ "ಒಂದು" ಎಂದಳು.