ಮಗ್ಗದ ಹಿಂದಿನ ಬಾಗಿಲು

ಆ ಸಿಟ್ಟು ಇಂದಿಗೂ ಇಳಿದಿಲ್ಲ. ಇಳಿಯಬೇಕೆಂದು ನನಗೇನೂ ಅನಿಸಿಲ್ಲ.

ಎರಡು ಸಾವಿರದ ನಾಲ್ಕೋ ಐದೋ ಇರಬೇಕು. ಬಾಗಲಕೋಟೆಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ಅಣ್ಣ, ಹೊಸ ಕಂಪ್ಯೂಟರ್ ಬಂದ ಮೇಲೆ ಹಳೆಯದನ್ನು ಇಳಕಲ್ಲಿನ ನಮ್ಮ ಮನೆಗೆ ತಂದಿಟ್ಟ. ಗುಂಡು ಹಾರಿಸುವ, ಕಾರು ಓಡಿಸುವ ಅವನ ಆಟ ಯಾವುದೂ ಅದರಲ್ಲಿ ನಡೆಯುತ್ತಿರಲಿಲ್ಲ. ಕಂಪ್ಯೂಟರ್ ತಂದ ಡಬ್ಬಿಯ ತಳದಲ್ಲಿ ಒಂದು ಹಳೆಯ ಆಟದ ಸಿ.ಡಿ. ಇತ್ತು.

"ಅದು ಮುದುಕರ ಆಟ. ಬರೇ ಓದೂದು, ವಿಚಾರ ಮಾಡೂದು. ನಿನಗ ತಕ್ಕದ್ದೈತಿ, ತಗೋ," ಅಂದ. ಆ ಮಾತಿಗೇ ಒಂದು ಏಟು ಕೊಡಬೇಕಿತ್ತು.

ಆಟದಲ್ಲಿ ಒಂದು ಪಾಳು ಬಂಗಲೆ. ಅದರ ಯಜಮಾನಿ ಎಲ್ಲಿ ಹೋದಳೆಂದು ನಾವು ಹುಡುಕಬೇಕು. ಯಾರೂ ಅಟ್ಟಿಸಿಕೊಂಡು ಬರುವುದಿಲ್ಲ, ಹೊತ್ತು ಮುಗಿಯಿತೆಂದು ಹೆದರಿಸುವುದಿಲ್ಲ. ಸಿಕ್ಕ ಸಾಮಾನು ಚೀಲಕ್ಕೆ ಹಾಕಿಕೊಂಡು, ಯಾವುದು ಎಲ್ಲಿ ಕೆಲಸಕ್ಕೆ ಬರುತ್ತದೆಂದು ತಲೆ ಕೆರೆದುಕೊಳ್ಳುತ್ತ ಕೂತರೆ ಆಯಿತು. ನಾನು ಇಂಗ್ಲಿಷ್ ಓದಿ ಕನ್ನಡದಲ್ಲಿ ಹೇಳುವೆ. ಅವ್ವ ಮಗ್ಗದಲ್ಲಿ ಕೂತೇ ಕೇಳುವಳು. ಮೂರು ದಿನದಲ್ಲಿ ಅವಳಿಗೂ ಹುಚ್ಚು ಹಿಡಿಯಿತು. ಯಜಮಾನಿಯ ಪತ್ರಗಳನ್ನು ಎರಡೆರಡು ಸಲ ಓದಿಸುವಳು. ಕೀಲಿ ಕನ್ನಡಿಯ ಹಿಂದಿದೆ ಎಂದು ಹೇಳಿದ್ದು ಅವಳೇ. ಸಾಲೆಯ ಮುಖ ನೋಡದ ನನ್ನವ್ವ, ಮುಂದಿನ ಬಾಗಿಲನ್ನೂ ತಾನೇ ತೆಗೆಸುತ್ತೇನೆಂದು ಹಟ ಹಿಡಿದಳು.

ಆ ಬಾಗಿಲಿಗೆ ಅಡ್ಡಲಾಗಿ ಒಂದು ಮಗ್ಗವಿತ್ತು. ಹಾಸು, ಅಂದರೆ ಉದ್ದೆಳೆಗಳೆಲ್ಲ ಬಿಗಿದು ನಿಂತಿದ್ದವು; ನೇಯ್ಗೆ ಅರ್ಧವಾಗಿತ್ತು. ಅವ್ವ ಎದ್ದು ಬಂದು ಪರದೆಗೆ ಮೂಗು ತಾಗಿಸಿ ನೋಡಿದಳು. ಅಡ್ಡೆಳೆ ಹಾಯಿಸುವ ಲಾಳಿ ಹುಡುಕು ಅಂದಳು. ಎಣ್ಣೆ ಬಿಡು ಅಂದಳು. ನೇಯ್ದು ಮುಗಿಸಿದರೆ ದಾರಿ ಬಿಟ್ಟೀತೆಂದು ಬಂಗಲೆಯೆಲ್ಲ ಅಲೆದು ನೂಲು ಹುಡುಕಿದೆವು. ಒಂದು ತಿಂಗಳು ಹೋಯಿತು. ಚೀಲದಲ್ಲಿ ಕತ್ತರಿ ಇತ್ತು, ಸುಳ್ಳೇಕೆ ಹೇಳಲಿ. ಆದರೆ ನಮ್ಮಿಬ್ಬರಿಗೂ ಅದು ಹೊಳೆಯಲೇ ಇಲ್ಲ. ಸೀರೆ ಮುಗಿಯದೆ ನಮ್ಮ ಮನೆಯಲ್ಲಿ ಹಾಸಿನ ಹತ್ತಿರ ಕತ್ತರಿ ಸುಳಿಯುವುದಿಲ್ಲ. ಒಂದೆಳೆ ಹರಿದರೂ ಅವ್ವ ಉಣ್ಣುವುದನ್ನು ಬಿಟ್ಟೆದ್ದು ಗಂಟು ಹಾಕುವವಳು.

ರಜೆಗೆ ಬಂದ ಅಣ್ಣ ನಮ್ಮ ಹಿಂದೆ ನಿಂತು ನಕ್ಕ. ನಾನು ಬೇಡ ಬೇಡ ಅನ್ನುವುದರೊಳಗೆ ಮೌಸ್ ಕಸಿದುಕೊಂಡು, ಕತ್ತರಿ ತೆಗೆದು ಹಾಸಿನ ಮೇಲೆ ಒತ್ತಿದ. ಎಳೆಗಳೆಲ್ಲ ಹರಿದು ಬಿದ್ದವು. ಬಾಗಿಲು ತೆರೆಯಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

"ಇಷ್ಟ ಐತಿ ನೋಡ ಬೇ ಯವ್ವಾ. ಇದಕ್ಕ ಒಂದ್ ತಿಂಗಳು ಬೇಕಾತೇನು?"

ನೇಕಾರರ ಮನೆಯಲ್ಲೇ ಹುಟ್ಟಿದವನು! ಅವ್ವ ನೇಯ್ದ ಸೀರೆಗಳಿಂದಲೇ ಓದುತ್ತಿದ್ದವನು! ಆಟ ಮಾಡಿದ ಪರದೇಶದವರ ಮೇಲೂ ನನಗೆ ಉರಿಯಿತು. ಮಗ್ಗದ ಚಿತ್ರ ಬರೆಯುವ ಮುಂಚೆ ಒಬ್ಬ ನೇಕಾರನನ್ನಾದರೂ ಕೇಳಬಾರದಿತ್ತೇ? ಹೋಗಲಿ, ಅವರಿಗೆ ಗೊತ್ತಿರಲಿಲ್ಲ ಅನ್ನೋಣ. ಇವನಿಗೆ?

"ಬಾಗಲಾ ತಗದೈತಿ, ಬಾ ಅವ್ವಾ, ಒಳಗ ಏನೈತಿ ನೋಡೂಣು," ಎಂದು ಕರೆದೆ.

ಅವ್ವ ಆಗಲೇ ತನ್ನ ಮಗ್ಗದ ಕಡೆ ತಿರುಗಿದ್ದಳು.

"ಆ ಹೆಣ್ಮಗಳು ತಿರುಗಿ ಬಂದ್ರ ಏನಂತಾಳ? ನೀವ ಹೋಗ್ರಿ. ಹಾಸು ಕಡದ ಮನಿಯೊಳಗ ನಾ ಕಾಲಿಡಂಗಿಲ್ಲ."