ಶೋಕೇಸಿನಲ್ಲಿ ಒಂದು ಜಾಗ

ಪ್ರಾಂಶುಪಾಲರು ಪೊಲೀಸ್ ಠಾಣೆಗೆ ಅರ್ಜಿ ಬರೆಯಬಹುದಿತ್ತು: ಹಲಸೂರಿನ ಫೋಟೋ ಸ್ಟುಡಿಯೋದವನೊಬ್ಬ ನಮ್ಮ ಹೆಣ್ಣುಮಕ್ಕಳಲ್ಲಿ ಒಬ್ಬಳ ಮೂಲಕ ಇನ್ನೊಬ್ಬಳನ್ನು ಕರೆಸಿಕೊಳ್ಳುತ್ತಿದ್ದಾನೆ ಎಂದು. ಅರ್ಜಿಯ ಒಂದೊಂದು ಪದವೂ ನಿಜವೇ ಆಗಿರುತ್ತಿತ್ತು. ಯಾವಳೋ ಒಬ್ಬಳ ಅಣ್ಣ ಕೈಗೆ ಸೈಕಲ್ ಚೈನು ಸುತ್ತಿಕೊಂಡು ಬರಬಹುದಿತ್ತು. ದೀಪದ ಬಲ್ಬು ಸಿಡಿದು ರೇಷ್ಮೆ ಸೀರೆಗೆ ಕಿಡಿ ತಾಗಬಹುದಿತ್ತು. ಆ ಸೀರೆ ಉಟ್ಟವಳದಲ್ಲದೆ ಅವಳ ಅತ್ತಿಗೆಯದಾಗಿರಬಹುದಿತ್ತು. ಪದವಿಯ ಕಪ್ಪು ಗೌನು ನಮ್ಮಲ್ಲಿದ್ದದ್ದು ಒಂದೇ. ಅದರಲ್ಲಿ ತಿಗಣೆ ಸೇರಿ, ಒಬ್ಬರಿಂದ ಒಬ್ಬರಿಗೆ ಹತ್ತಿ, ಇಡೀ ಕಾಲೇಜು ಪರೀಕ್ಷೆಯಲ್ಲಿ ಕೆರೆದುಕೊಳ್ಳುತ್ತಾ ಕೂರಬಹುದಿತ್ತು. ಲ್ಯಾಬಿನಲ್ಲಿ ರೋಲುಗಳು ಅದಲುಬದಲಾಗಿ, ಮಗಳ ಫೋಟೋ ಬಿಡಿಸಿಕೊಳ್ಳಲು ಬಂದ ತಂದೆಗೆ ಯಾರದೋ ತಿಥಿಯ ಫೋಟೋ ಹೋಗಬಹುದಿತ್ತು. ಒಬ್ಬಳು ಫೇಲಾಗಿ, ಗೌನಿನ ಫೋಟೋ ಗೋಡೆಯ ಮೇಲಿರುವುದರಿಂದ ತೆಗೆಯಲೂ ಆಗದೆ ಇಡಲೂ ಆಗದೆ, ನನ್ನನ್ನು ಶಪಿಸಬಹುದಿತ್ತು.

ಇವನ್ನೆಲ್ಲ ನಾನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೆ. ಯಾವ ಕೆಲಸಕ್ಕೆ ಕೈಹಾಕುವ ಮುಂಚೆಯೂ ಏನೇನು ಕೆಡಬಹುದೆಂದು ಬರೆಯುವುದು ನನ್ನ ಅಭ್ಯಾಸ. ಮದುವೆಗೆ ಮುಂಚೆ ಬರೆದದ್ದು ನಾಲ್ಕು ವರ್ಷದ ನಂತರ ಹೆಂಡತಿಯ ಕೈಗೆ ಸಿಕ್ಕಿತು. ಅವಳು ಓದಿ, "ಒಂಬತ್ತನೇದು ಬಿಟ್ಟು ಎಲ್ಲಾ ಆಗಿದೆ" ಎಂದು ವಾಪಸು ಕೊಟ್ಟಳು. ಆದರೆ ಕಾಲೇಜು ಹುಡುಗಿಯರ ಫೋಟೋದ ಪಟ್ಟಿಯಲ್ಲಿ ಒಂದೂ ಆಗಲಿಲ್ಲ.

ತೊಂಬತ್ತರ ದಶಕದ ಕೊನೆ. ನಮ್ಮ ಸ್ಟುಡಿಯೋ ಹಲಸೂರಿನ ಮುಖ್ಯರಸ್ತೆಯಲ್ಲಿ, ಸಿಗ್ನಲ್ಲಿಗೆ ನಾಲ್ಕು ಅಂಗಡಿ ಮುಂಚೆ ಇತ್ತು. ಕೆ.ಆರ್. ಪುರದಿಂದ ಶಿವಾಜಿನಗರಕ್ಕೆ ಹೋಗುವ ಬಸ್ಸು ಕೆಂಪು ದೀಪಕ್ಕೆ ನಿಂತರೆ, ಎಡಗಡೆ ಕಿಟಕಿಯಲ್ಲಿ ಕೂತವರ ಕಣ್ಣಿಗೆ ನೇರ ಬೀಳುವುದು ನಮ್ಮ ಶೋಕೇಸು. ನಡುವೆ ಒಂದು ದೊಡ್ಡ ಫೋಟೋಗೆ ಜಾಗ, ಸುತ್ತ ಹನ್ನೆರಡು ಚಿಕ್ಕವು. ಅಪ್ಪನ ಕಾಲದಲ್ಲಿ ನಡುವಿನ ಜಾಗದಲ್ಲಿ ಯಾವಾಗಲೂ ಮಿಲಿಟರಿಯವರ ಮೀಸೆ ಇರುತ್ತಿತ್ತು. ನನ್ನ ಕಾಲಕ್ಕೆ ಮೀಸೆಗಳು ವರ್ಗವಾಗಿ ಹೋದವು. ಇಂದಿರಾನಗರದಲ್ಲಿ ಏಸಿ ಹಾಕಿದ ಕಲರ್ ಲ್ಯಾಬುಗಳು ಬಂದವು. ನನಗೆ ಉಳಿದದ್ದು ಪಾಸ್‌ಪೋರ್ಟ್ ಸೈಜು, ಮತ್ತು ಸತ್ತವರ ಹಳೇ ಫೋಟೋ ದೊಡ್ಡದು ಮಾಡಿಕೊಡುವ ಕೆಲಸ.

ಫುಟ್‌ಪಾತಿನಲ್ಲಿ ಕೊಂಡ ಒಂದು ಹಳೇ ಅಮೆರಿಕನ್ ಫೋಟೋ ಪತ್ರಿಕೆಯಲ್ಲಿ ನನಗೆ ಜ್ಞಾನೋದಯವಾಯಿತು. ಅಲ್ಲಿ ಶಾಲೆ ಮುಗಿಸುವ ಕೊನೇ ವರ್ಷದ ಮಕ್ಕಳೆಲ್ಲ ಸ್ಟುಡಿಯೋಗೆ ಹೋಗಿ ಭಾವಚಿತ್ರ ತೆಗೆಸಿಕೊಳ್ಳುತ್ತಾರಂತೆ. ಸ್ಟುಡಿಯೋದವನು ಒಂದೊಂದು ಶಾಲೆಯಿಂದ ಒಬ್ಬರನ್ನು ಆರಿಸಿ 'ಅಂಬಾಸಡರ್' ಮಾಡುತ್ತಾನಂತೆ. ಅವರಿಗೆ ಫೋಟೋ ಬಿಟ್ಟಿ. ಅವರು ತಮ್ಮ ಕ್ಲಾಸಿನವರನ್ನು ಕರೆತರಬೇಕು. ನಮಗೆ ಗೊತ್ತಿದ್ದ ಅಂಬಾಸಡರ್ ರೈಲ್ವೇ ಸ್ಟೇಷನ್ ಮುಂದೆ ನಿಲ್ಲುವ ಟ್ಯಾಕ್ಸಿಯಾದ್ದರಿಂದ ನಾನು 'ಕಾಲೇಜ್ ರೆಪ್', ಅಂದರೆ ಕಾಲೇಜಿನ ಪ್ರತಿನಿಧಿ, ಎಂದು ಹೆಸರಿಟ್ಟೆ. ನೋಡಲು ಚೆನ್ನಾಗಿರುವ, ಎಲ್ಲರೂ ಹಿಂದೆ ಸುತ್ತುವ ಹುಡುಗಿಯನ್ನೇ ಆರಿಸಿ ಎಂದು ಪತ್ರಿಕೆಯಲ್ಲಿ ದಪ್ಪಕ್ಷರದಲ್ಲಿತ್ತು.

ಆರಿಸಿದೆ. ಇಂದಿರಾನಗರದ ಹುಡುಗಿ, ಡಿಗ್ರಿ ಕೊನೇ ವರ್ಷ, ಸ್ಕೂಟಿಯಲ್ಲಿ ಬರುತ್ತಿದ್ದಳು. ಅವಳ ಹಿಂದಿನ ಸೀಟಿನಲ್ಲಿ ಇಬ್ಬರ ಬ್ಯಾಗೂ ಹಿಡಿದುಕೊಂಡು ಇನ್ನೊಬ್ಬಳು ಬರುತ್ತಿದ್ದಳು. ಮುಂದಿನವಳು ಮೂರು ಸಲ ಬಂದು, ಮೂರು ಡ್ರೆಸ್ಸಿನಲ್ಲಿ ಬಿಟ್ಟಿ ಫೋಟೋ ತೆಗೆಸಿಕೊಂಡು, ನಾಲ್ಕನೇ ಸಲ ತನ್ನ ನಾಯಿಯನ್ನು ಕರೆತಂದಳು. ಮನುಷ್ಯರನ್ನು ಒಬ್ಬರನ್ನೂ ಕರೆತರಲಿಲ್ಲ.

ಐದನೇ ಸಲ ಬ್ಯಾಗು ಹಿಡಿಯುವವಳು ಒಬ್ಬಳೇ ಬಂದಳು. ಬಸ್ಸಿನಲ್ಲಿ.

"ಅಣ್ಣಾ, ಅವ್ಳು ಯಾರನ್ನೂ ಕರ್ಕೊಂಡ್ ಬರಲ್ಲ. ಅವ್ಳ ಪಕ್ಕ ನಿಂತ್ಕೊಂಡು ಫೋಟೋ ತೆಗೆಸ್ಕೊಳೋಕೆ ಯಾರಿಗೆ ತಲೆ ಕೆಟ್ಟಿದೆ? ನನ್ನ ರೆಪ್ ಮಾಡಿ."

ನಾನು ಅವಳನ್ನು ಅಂದೇ ಸರಿಯಾಗಿ ನೋಡಿದ್ದು. ಕಪ್ಪಗಿದ್ದಳು, ನಮ್ಮ ಕಡೆ ಕಪ್ಪು ಎಂದು ಹೇಳದೆ "ಲಕ್ಷಣವಾಗಿದ್ದಾಳೆ" ಎನ್ನುತ್ತಾರಲ್ಲ, ಆ ಉಪಕಾರಕ್ಕೂ ಸಿಗದಷ್ಟು. ಮುಂದಿನ ಎರಡು ಹಲ್ಲಿನ ನಡುವೆ ಸಂದು. ನನ್ನ ಮುಖದಲ್ಲಿ ಏನು ಕಂಡಿತೋ, ಅವಳೇ ಮುಂದುವರಿಸಿದಳು.

"ಕಾಲೇಜಲ್ಲಿ ನನ್ನನ್ನ ನೆಗೆಟಿವ್ ಅಂತ ಕರೀತಾರೆ. ನಿಮ್ಮಂಗ್ಡಿಗೆ ಸರಿಹೋಗ್ತೀನಿ ಬಿಡಿ."

ನಾನು ನಕ್ಕುಬಿಟ್ಟೆ. ನಗಬಾರದಿತ್ತು ಎಂದು ಆಮೇಲೆ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

ಅವಳಿಗೆ ಬಿಟ್ಟಿ ಫೋಟೋ ಬೇಕಿರಲಿಲ್ಲ. ಬೇಕಿದ್ದದ್ದು ಶೋಕೇಸಿನ ನಡುವಿನ ಜಾಗ. ಮೂವತ್ತು ಜನರನ್ನು ಕರೆತಂದರೆ ಅವಳ ಫೋಟೋ ಅಲ್ಲಿ ಒಂದು ತಿಂಗಳು ಇರಬೇಕು. ಯಾಕೆ ಎಂದು ಕೇಳಿದೆ. ಅವಳ ತಾಯಿ ಶಿವಾಜಿನಗರದ ಆಸ್ಪತ್ರೆಯೊಂದರಲ್ಲಿ ಆಯಾ. ದಿನಾ ಬೆಳಿಗ್ಗೆ ಕೆ.ಆರ್. ಪುರದಿಂದ ಅದೇ ಬಸ್ಸಿನಲ್ಲಿ, ಜೊತೆಯ ಆಯಾಗಳೊಂದಿಗೆ ಈ ಸಿಗ್ನಲ್ಲಿನಲ್ಲಿ ನಿಂತು ಹೋಗುತ್ತಿದ್ದಳು.

"ಮನೇಲಿ ನಂದು ಒಂದೂ ಫೋಟೋ ಇಲ್ಲಣ್ಣ. ತಂಗೀದು ಇದೆ. ಫೋಟೋ ತೆಗೆಸೋಣಮ್ಮ ಅಂದ್ರೆ, 'ಕನ್ನಡಿ ಇದ್ಯಲ್ಲ, ಸಾಕಾಗಲ್ವಾ' ಅಂತಾರೆ. ಒಂದ್ಸಲ ಬಸ್ಸಲ್ಲಿ ಎಲ್ಲರ ಮುಂದೆ 'ನೋಡ್ರೇ, ನನ್ ಮಗ್ಳು' ಅನ್ಬೇಕು. ಅಷ್ಟೇ."

ಇಷ್ಟನ್ನು ಬಸ್ ನಂಬರು ಹೇಳುವ ಹಾಗೆ ಹೇಳಿದಳು. ನಾನು ಒಪ್ಪಿದೆ. ಮೂವತ್ತು ಜನ ಬರುವುದಿಲ್ಲ ಎಂಬ ಧೈರ್ಯದಿಂದ ಒಪ್ಪಿದೆ.

ಆ ದಿನವೇ ಅವಳನ್ನು ಸ್ಟೂಲಿನ ಮೇಲೆ ಕೂರಿಸಿ ತೆಗೆದೆ. ಏನು ಮಾಡಬೇಕೆಂದು ತಿಳಿಯದೆ ಒಂದೇ ದೀಪ ಇಟ್ಟೆ, ಪಕ್ಕದಿಂದ. ಅವಳು ಹಲ್ಲು ಕಾಣುವಂತೆ ನಕ್ಕಳು. ಪೋಸ್ಟ್‌ಕಾರ್ಡ್ ಅಳತೆಯಲ್ಲಿ ಒಂದು ಪ್ರಿಂಟು ಹಾಕಿಸಿಕೊಟ್ಟೆ. ಹೇಳಿಕೊಳ್ಳಲು ಸಂಕೋಚ, ಆದರೂ ಹೇಳುತ್ತೇನೆ: ಮೂವತ್ತು ವರ್ಷದ ಕಸುಬಿನಲ್ಲಿ ನಾನು ತೆಗೆದ ಒಳ್ಳೆಯ ಫೋಟೋ ಅದೊಂದೇ. ಅದನ್ನು ಅವಳು ಮನೆಯಲ್ಲಿ ತೋರಿಸಲಿಲ್ಲ. ತಾಯಿ ಮೊದಲು ಬಸ್ಸಿನಿಂದಲೇ ನೋಡಬೇಕೆಂದು ಹಟ. ಆದರೆ ಕಾಲೇಜಿನಲ್ಲೆಲ್ಲ ತೋರಿಸಿದಳು. ಅವಳ ವ್ಯಾಪಾರ ಹೇಗಿತ್ತೆಂದು ಆಮೇಲೆ ಬಂದ ಹುಡುಗಿಯರು ನಗುತ್ತಾ ಹೇಳಿದರು.

"'ನನ್ ಮುಖಾನೇ ಇಷ್ಟ್ ಚೆನ್ನಾಗಿ ತೆಗ್ದಿದಾನೆ ಅಂದ್ರೆ ನಿಂದು ಯೋಚ್ನೆ ಮಾಡೇ' ಅಂತಾಳೆ ಅಂಕಲ್. ಇಲ್ಲ ಅನ್ನೋಕಾಗುತ್ತಾ?"

ಆಗಲಿಲ್ಲ. ಐದು ವಾರದಲ್ಲಿ ಮೂವತ್ತೊಂದು ಜನ ಬಂದರು. ಸೀರೆಯಲ್ಲಿ, ಗೌನಿನಲ್ಲಿ, ಕೈಯಲ್ಲಿ ಸುತ್ತಿದ ಬಿಳಿ ಹಾಳೆ ಹಿಡಿದು. ಬಾಣಸವಾಡಿಯಿಂದ ಒಬ್ಬಳು ಅಜ್ಜಿಯನ್ನೂ ಕರೆತಂದು ಅಜ್ಜಿಗೂ ಗೌನು ಹಾಕಿಸಿದಳು. ನಮ್ಮ ರೆಪ್ಪು ಒಬ್ಬೊಬ್ಬರ ಹಿಂದೆ ನಿಂತು ಸೆರಗು ಸರಿಮಾಡುತ್ತಿದ್ದಳು. ಅವರು ಕನ್ನಡಿಯಲ್ಲಿ ಅವಳನ್ನು ನೋಡಿ, "ಏ ನೆಗೆಟಿವ್, ಸ್ವಲ್ಪ ಆ ಕಡೆ ಹೋಗೇ, ಬೆಳಕಿಗೆ ಅಡ್ಡ ಬರ್ತೀಯ" ಎನ್ನುತ್ತಿದ್ದರು. ಎಲ್ಲರಿಗಿಂತ ಮೊದಲು ಅವಳೇ ನಗುತ್ತಿದ್ದಳು.

ನಮ್ಮಲ್ಲೊಂದು ಪದ್ಧತಿ ಇತ್ತು. ಆರ್ಡರ್ ಕವರಿನ ಮೂಲೆಯಲ್ಲಿ ನಾನು ಸಣ್ಣದಾಗಿ 'ಹಾಲು 1' ಅಥವಾ 'ಹಾಲು 2' ಎಂದು ಬರೆಯುತ್ತಿದ್ದೆ. ಎಷ್ಟು ಚಮಚ ಹಾಲು ಎಂದರೆ, ಮುಖವನ್ನು ಎಷ್ಟು ಬೆಳ್ಳಗೆ ಮಾಡಬೇಕು ಎಂದು ಅರ್ಥ. ಒಳಗೆ ಕೂತು ಟಚಿಂಗ್ ಮಾಡುತ್ತಿದ್ದವರು ಶಿವಾಜಿನಗರದ ಒಬ್ಬ ಚಾಚಾ, ಅಪ್ಪನ ಕಾಲದವರು. ಅವರು ನೆಗೆಟಿವ್ ಮೇಲೆ ಚೂಪು ಪೆನ್ಸಿಲ್ ಆಡಿಸಿದರೆ ಪ್ರಿಂಟಿನಲ್ಲಿ ಆ ಜಾಗ ಬೆಳ್ಳಗಾಗುತ್ತಿತ್ತು. ಮಿಕ್ಕದ್ದನ್ನು ಲ್ಯಾಬಿನವನು ನೋಡಿಕೊಳ್ಳುತ್ತಿದ್ದ. ಗಿರಾಕಿಗೆ ಹೇಳುತ್ತಿರಲಿಲ್ಲ. ಹೇಳಿದರೆ ಅವಮಾನ, ಮಾಡದಿದ್ದರೆ ಜಗಳ. ಇದು ಇಡೀ ಬೀದಿಯ ಸ್ಟುಡಿಯೋಗಳು ನಡೆಸಿಕೊಂಡು ಬಂದ ಮರ್ಯಾದೆ.

ಕವರುಗಳನ್ನು ಕಾಲೇಜಿಗೆ ಒಯ್ದು ಹಂಚುತ್ತಿದ್ದವಳಿಗೆ ಅದು ಅರ್ಥವಾಗದೆ ಇರುತ್ತದೆಯೇ?

"ಅಣ್ಣಾ, ನಂಗೆಷ್ಟು ಚಮಚ?" ಎಂದಳು ಒಂದು ದಿನ.

"ನಿನಗೆ ಬೇಡಮ್ಮ."

"ಬೇಡ ತಾನೇ? ಖಂಡಿತ?"

"ಖಂಡಿತ."

ಮೂವತ್ತೊಂದನೆಯವಳು ಬಂದು ಹೋದ ಮೇಲೆ ಮಾತು ಉಳಿಸಿಕೊಳ್ಳುವ ಹೊತ್ತು ಬಂತು. ಆವರೆಗೆ ನಡುವಿನ ಜಾಗದಲ್ಲಿ ಇಂದಿರಾನಗರದವಳ ಫೋಟೋ ಇತ್ತು. ಅದನ್ನು ತೆಗೆದು ಇವಳದನ್ನು ಹಾಕಿದರೆ ಏನೇನಾಗಬಹುದೆಂದು ಪಟ್ಟಿ ಮಾಡಿದೆ. ಎರಡು ಪುಟ ತುಂಬಿತು. ಸ್ಟುಡಿಯೋದವನಿಗೆ ಲೈಟು ಹಾಕಲು ಬರುವುದಿಲ್ಲ ಎಂದುಕೊಳ್ಳಬಹುದು. ಮದುವೆ ಆರ್ಡರು ಕೊಡಲು ಬಂದವರು ಪಕ್ಕದ ಸ್ಟುಡಿಯೋಗೆ ಹೋಗಬಹುದು. ಆ ಚಿಕ್ಕ ಫೋಟೋ ನೋಡಿ ಮೂವತ್ತೊಂದು ಜನ ಬಂದಿದ್ದರು ಎಂಬುದು ನನ್ನ ಎರಡು ಪುಟದಲ್ಲಿ ಎಲ್ಲೂ ಇರಲಿಲ್ಲ. ಅವಳ ಕವರಿನ ಮೂಲೆಯಲ್ಲಿ 'ಹಾಲು 1' ಎಂದು ಬರೆದೆ. ಬಂದ ಪ್ರಿಂಟು ನೋಡಿ ಧೈರ್ಯ ಸಾಲದೆ 'ಹಾಲು 2' ಮಾಡಿದೆ. ಆಮೇಲೆ ಹಲ್ಲಿನ ಸಂದೂ ಮುಚ್ಚಿಬಿಡಿ ಎಂದೆ. ಆಮೇಲೆ ಇನ್ನೊಂದು ಚೂರು.

ಚಾಚಾ ಕನ್ನಡಕ ಹಣೆಗೇರಿಸಿ ನನ್ನನ್ನು ನೋಡಿದರು. "ಇನ್ನು ಹಾಕಿದ್ರೆ ಕೆನೆ ಕಟ್ತದೆ ಸಾಬ್."

"ಹಾಕಿ ಚಾಚಾ."

"ಹುಡುಗಿ ಬೇಡ ಅಂದಿದ್ಲಲ್ಲಾ?"

"ಹಾಗನ್ನೋರಿಗೇ ಜಾಸ್ತಿ ಬೇಕಾಗಿರತ್ತೆ."

ಆ ಮಾತನ್ನು ನಾನು ಜಾಣತನವೆಂದು ತಿಳಿದು ಆಡಿದೆ. ಮನೆಗೆ ಹೋಗಿ ಹೆಂಡತಿಗೂ ಹೇಳಿದೆ.

ದೊಡ್ಡ ಫೋಟೋ ಚಿನ್ನದ ಬಣ್ಣದ ಚೌಕಟ್ಟಿನಲ್ಲಿ ಶೋಕೇಸಿನ ನಡುವೆ ಕೂತಿತು. ಇಂದಿರಾನಗರದವಳದನ್ನು ಒಳಗೆ ಎತ್ತಿಟ್ಟೆ. ಅಂದು ಮಧ್ಯಾಹ್ನ ಕಾಲೇಜಿನಿಂದ ನೇರ ಬಂದ ನಮ್ಮ ರೆಪ್ಪು ಗಾಜಿನ ಮುಂದೆ ತುಂಬಾ ಹೊತ್ತು ನಿಂತಳು. ನಾನು ಕೌಂಟರಿನ ಹಿಂದೆ ಇಲ್ಲದ ರಸೀದಿ ಹುಡುಕುತ್ತಿದ್ದೆ. ಅವಳು ನಾಲಗೆಯ ತುದಿಯಿಂದ ತನ್ನ ಹಲ್ಲಿನ ಸಂದನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದುದು ನಾನಿದ್ದಲ್ಲಿಗೆ ಕಾಣುತ್ತಿತ್ತು.

ಒಳಗೆ ಬಂದು, "ಚೆನ್ನಾಗಿದೆ ಅಣ್ಣಾ" ಎಂದಳು. ಜಗಳವಿಲ್ಲ, ಅಳುವಿಲ್ಲ. "ಅಮ್ಮನಿಗೆ ನಾಳೆಯಿಂದ ಎಡಗಡೆ ನೋಡು ಅಂತ ಹೇಳಿದೀನಿ. ಹೇಗಿರತ್ತೆ ಅಂತ ಹೇಳಿಲ್ಲ. ನಂದೊಂದು ಫೋಟೋ ಇರತ್ತೆ ಅಂದಿದೀನಿ, ಅಷ್ಟೇ."

ಅವಳು ಹದಿನೈದು ದಿನ ಬರಲಿಲ್ಲ. ಪರೀಕ್ಷೆ ಹತ್ತಿರವಿತ್ತು. ನಾನು ನೆಮ್ಮದಿಯಾಗಿದ್ದೆ. ನನ್ನ ಜೀವನದಲ್ಲಿ ನಾನು ಯಾವುದಕ್ಕೂ ಚಿಂತಿಸದೆ ಕಳೆದ ಹದಿನೈದು ದಿನ ಅವೇ. ಶೋಕೇಸಿನ ಮುಂದೆ ಜನ ನಿಲ್ಲುತ್ತಿದ್ದರು. ಒಬ್ಬ ಗಂಡಿನ ಕಡೆಯವರು ಬಂದು, "ಈ ಹುಡುಗಿಗೆ ಮದುವೆ ಗೊತ್ತಾಗಿದ್ಯಾ?" ಎಂದು ಕೂಡ ವಿಚಾರಿಸಿದರು. ಬಸ್ಸುಗಳು ಕೆಂಪು ದೀಪಕ್ಕೆ ನಿಂತಾಗ ಎಡಗಡೆಯ ಕಿಟಕಿಗಳಲ್ಲಿ ನಾನು ಆಯಾಗಳನ್ನು ಹುಡುಕುತ್ತಿದ್ದೆ. ಎಲ್ಲ ಮುಖಗಳೂ ಒಂದೇ ಥರ ಕಾಣುತ್ತಿದ್ದವು.

ಹದಿನಾರನೆಯ ದಿನ ಬೆಳಿಗ್ಗೆ, ಇನ್ನೂ ಅಂಗಡಿಯ ಮುಂದೆ ನೀರು ಚಿಮುಕಿಸುತ್ತಿದ್ದೆ. ಸಿಗ್ನಲ್ಲಿನಲ್ಲಿ ನಿಂತ ಬಸ್ಸಿನಿಂದ ನೀಲಿ ಸೀರೆಯ ಹೆಂಗಸೊಬ್ಬಳು ಕಂಡಕ್ಟರಿನ ಕೂಗಾಟಕ್ಕೆ ಕಿವಿಗೊಡದೆ ಇಳಿದಳು. ಹಿಂದಿನಿಂದ ನಮ್ಮ ರೆಪ್ಪು, "ಅಮ್ಮಾ, ಬೇಡಮ್ಮ, ಡ್ಯೂಟಿಗೆ ಲೇಟಾಗತ್ತೆ" ಎನ್ನುತ್ತಾ ಇಳಿದಳು. ತಾಯಿ ಶೋಕೇಸಿನ ಪಕ್ಕದಲ್ಲೇ ನಿಂತು ನನ್ನನ್ನು ಹಿಡಿದಳು.

"ನೀವೇ ಏನ್ರೀ ಸ್ಟುಡಿಯೋದವ್ರು? ನನ್ ಮಗ್ಳ ಕೈಲಿ ಮೂವತ್ತ್ ಜನಾನ ಕರೆಸ್ಕೊಂಡ್ರಿ. ಅವ್ಳ ಫೋಟೋ ಹಾಕ್ತೀನಿ ಅಂದ್ರಂತೆ. ಹದಿನೈದ್ ದಿನದಿಂದ ಕಿಟಕಿ ಸೀಟಿಗೆ ಜಗಳ ಆಡ್ಕೊಂಡು ಕೂತ್ಕೊಂಡು ನೋಡ್ತಾ ಇದೀನಿ. ಜೊತೆಯೋರಿಗೆಲ್ಲ ಹೇಳ್ಬಿಟ್ಟಿದೀನಿ, ಇವತ್ತು ಹಾಕ್ತಾರೆ, ನಾಳೆ ಹಾಕ್ತಾರೆ ಅಂತ. ನಗ್ತಾವ್ರೆ ಅವ್ರು. ನಮ್ದು ಕಪ್ಪು ಮುಖ ಅಂತಾನಾ?"

ಅವಳ ಮೊಣಕೈ ಶೋಕೇಸಿನ ಗಾಜಿಗೆ, ಆ ದೊಡ್ಡ ಫೋಟೋದ ಎದುರಿಗೇ ತಾಗುತ್ತಿತ್ತು. ನಾನು ಮಗಳ ಮುಖ ನೋಡಿದೆ. ಒಂದು ಮಾತು ಅವಳು ಹೇಳಿದ್ದರೆ ಸಾಕಿತ್ತು. ನಾನು ಹೇಳಿದ್ದರೂ ಸಾಕಿತ್ತು.

"ಇನ್ನೂ ರೆಡಿ ಆಗಿಲ್ಲಮ್ಮ" ಎಂದಳು ಅವಳು. "ಪ್ರಿಂಟ್ ಬರ್ಬೇಕಷ್ಟೇ. ಅಲ್ವಾ ಅಣ್ಣಾ?"

"ಹೌದಮ್ಮ" ಎಂದೆ. "ಮುಂದಿನ ವಾರ."

ತಾಯಿಯ ಸಿಟ್ಟು ಇಳಿಯಿತು. ಮುಂದಿನ ಬಸ್ಸು ಬರುವವರೆಗೆ ಗಾಜಿನೊಳಗಿನ ನಡುವಿನ ಫೋಟೋ ನೋಡುತ್ತಾ ನಿಂತಳು. ಬಸ್ಸು ಬಂತು. ಹತ್ತುವ ಮುಂಚೆ ತಿರುಗಿ, ಇನ್ನೊಬ್ಬರ ಮಗುವಿನ ಬಗ್ಗೆ ಮಾತಾಡುವ ಮೆತ್ತನೆ ದನಿಯಲ್ಲಿ ಹೇಳಿದಳು:

"ಈ ಹುಡ್ಗೀದು ತೆಗೀಬೇಡಿ ಪಾಪ, ಮುದ್ದಾಗವ್ಳೆ. ಪಕ್ಕದಲ್ಲೇ ಚಿಕ್ಕದಾಗಿ ನಮ್ಮುಡ್ಗೀದೂ ಹಾಕಿ, ಸಾಕು."